ಐದು ವರ್ಷದ ಹೊಣೆ ಚಿಕ್ಕ ಮನೆಗೂ ಬೇಕು: ಮಂಡ್ಯದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಂಡ್ಯ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,

ಸಾದರ ನಮಸ್ಕಾರಗಳು.

ಮೂವತ್ತೊಂದು ವರ್ಷ ಗಣಿತ ಪಾಠ ಹೇಳಿ ನಿವೃತ್ತನಾದ ಪ್ರೌಢಶಾಲಾ ಶಿಕ್ಷಕ ನಾನು. ನಿವೃತ್ತಿಯಲ್ಲಿ ಬಂದ ಇಡಿಗಂಟಿಗೆ ಮಗನ ಹೆಸರಿನಲ್ಲಿ ತೆಗೆದ ಬ್ಯಾಂಕ್ ಸಾಲವನ್ನೂ ಸೇರಿಸಿ, ಊರಂಚಿನ ಬಡಾವಣೆಯೊಂದರಲ್ಲಿ 30/40 ನಿವೇಶನದ ಮೇಲೆ ಕಟ್ಟಿ ಮಾರಾಟಕ್ಕಿಟ್ಟಿದ್ದ ಹೊಸ ಮನೆಯನ್ನು ಕೊಂಡು, ಕಳೆದ ವರ್ಷದ ವೈಶಾಖದಲ್ಲಿ ಗೃಹಪ್ರವೇಶ ಮಾಡಿದೆ. ಮನೆ ಕಟ್ಟಿ ಮಾರಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರೊಡನೆ ಇರುವ ವ್ಯಾಜ್ಯವನ್ನು ನಾನೇ ನಡೆಸಿಕೊಳ್ಳುತ್ತೇನೆ. ತಮ್ಮಲ್ಲಿ ಕೇಳುತ್ತಿರುವುದು ನನ್ನಂಥ ಎಲ್ಲರಿಗೂ ಸಂಬಂಧಿಸಿದ ಮಾತು.

ಮೊದಲ ಮುಂಗಾರಿನಲ್ಲಿ ಮನೆ ಚೆನ್ನಾಗಿಯೇ ಇತ್ತು. ನಮ್ಮ ಕಡೆ ಮಳೆ ಬಲಗೊಳ್ಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಮಹಡಿಯ ಬಚ್ಚಲುಮನೆಯ ಕೆಳಗಿನ ಸೂರು ತೇವ ಹಿಡಿದು, ಪುಟ್ಟಿ ಉಬ್ಬಿ ಉದುರತೊಡಗಿತು. ಅದರ ಬೆನ್ನಲ್ಲೇ ಹಿಂಬದಿಯ ಕೋಣೆಯ ಕಿಟಕಿಯ ಮೂಲೆಯಿಂದ ಹೊರಟ ಬಿರುಕೊಂದು ಇಟ್ಟಿಗೆಯ ಸಂದಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೆಲ ಮುಟ್ಟಿತು. ಗಾರೆ ಒಣಗುವಾಗ ಕೂದಲೆಳೆಯಂಥ ಬಿರುಕು ಬರುವುದು ಸಹಜವೆಂಬುದನ್ನು ನಾನು ಬಲ್ಲೆ, ಅದಕ್ಕೆ ಹೆದರುವವನೂ ಅಲ್ಲ. ಇದು ಬೇರೆ ಜಾತಿಯದು. ಕಟ್ಟಿದವರು ಮೂರು ಬಾರಿ ಆಳು ಕಳುಹಿಸಿ, ಪುಟ್ಟಿ ತುಂಬಿ, ಬಣ್ಣ ಬಳಿಸಿದರು. ಮೂರು ಬಾರಿಯೂ ಅದು ಅದೇ ಜಾಗದಲ್ಲಿ ಬಾಯಿ ಬಿಟ್ಟಿತು. ಕೊನೆಗೆ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಹೇಳಿಕೊಟ್ಟಂತೆ, ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗೆ ಸಿಮೆಂಟಿನಿಂದ ಬಿಗಿದು ಪಕ್ಕದಲ್ಲಿ ತಾರೀಖು ಬರೆದಿಟ್ಟೆ. ಗೋಡೆ ಅಲುಗದಿದ್ದರೆ ಗಾಜು ಉಳಿಯುತ್ತದೆ ಎಂದಿದ್ದರು. ಐವತ್ತೆರಡನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಕರೆದು ತೋರಿಸಿದಾಗ ಗಾಜು ನಡುವೆ ಸೀಳಿತ್ತು.

ಕಾರಣ ನೆಲದಲ್ಲೇ ಇದೆ. ನಮ್ಮ ಬಡಾವಣೆ ಹಿಂದೆ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಯಾಗಿತ್ತು. ಗದ್ದೆಯ ಮೇಲೆ ಮಣ್ಣು ತುಂಬುವಾಗ ಅರ್ಧ, ಮುಕ್ಕಾಲು ಅಡಿಯ ಪದರಗಳಾಗಿ ಹರಡಿ, ಪ್ರತಿ ಪದರಕ್ಕೂ ನೀರುಣಿಸಿ ದಮ್ಮಸು ಮಾಡಬೇಕು, ಪಾಯ ಆ ತುಂಬುಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು. ಟಿಪ್ಪರಿನಲ್ಲಿ ತಂದು ಸುರಿದ ಮಣ್ಣನ್ನು ಒಂದೇ ಸಲಕ್ಕೆ ಮಟ್ಟ ಮಾಡಿ ಅದರ ಮೇಲೆ ಮನೆ ನಿಲ್ಲಿಸಿದರೆ, ಮಳೆನೀರು ಇಳಿದಂತೆಲ್ಲ ಮಣ್ಣು ಕುಸಿದು ಒಂದು ಮೂಲೆ ಜಗ್ಗುತ್ತದೆ. ಬಚ್ಚಲಿನದೂ ಇಂಥದೇ ಅವಸರ: ತಗ್ಗಿಸಿ ಹಾಕಿದ ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿ, ನೀರು ಕಟ್ಟಿ ಪರೀಕ್ಷಿಸಿದ ಮೇಲಷ್ಟೇ ಟೈಲ್ಸ್ ಕೂರಿಸಬೇಕಿತ್ತು. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಈಗ ಎಲ್ಲೆಡೆ ಬಳಸುವ ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಮನೆ ಕೊಳ್ಳುವವನು ಬರುವ ಹೊತ್ತಿಗೆ ಇದೆಲ್ಲವೂ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ, ನೋಡಿ ತಿಳಿಯುವ ದಾರಿಯೇ ಇಲ್ಲ. ಇದರಲ್ಲಿ ಗಾರೆ ಕೆಲಸದವರನ್ನು ದೂರುವುದು ಅನ್ಯಾಯ. ದಿನ ಉಳಿಸಿ ಎಂದು ಅವರಿಗೆ ಹೇಳಿದವರು ಬೇರೆ.

ಇಂಥ ದೋಷಕ್ಕೆ ಕಾನೂನು ಉತ್ತರ ಕೊಟ್ಟಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಮಿನ ಪ್ರಕಾರ, ಮನೆಯ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡುಬಂದು ಅದನ್ನು ತಿಳಿಸಿದರೆ, ಕಟ್ಟಿ ಮಾರಿದವನು 30 ದಿನದೊಳಗೆ, ಯಾವ ಹಣವನ್ನೂ ಕೇಳದೆ, ಸರಿಪಡಿಸಿಕೊಡಬೇಕು. ಆದರೆ ಅದೇ ಕಾಯ್ದೆಯ 3ನೇ ಕಲಮು 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ (ರೇರಾ) ಮಾಡಿಸಬೇಕಾದ ನೋಂದಣಿಯಿಂದ ವಿನಾಯಿತಿ ಕೊಡುತ್ತದೆ. ಲೆಕ್ಕದ ಮೇಷ್ಟರಾದ್ದರಿಂದ ಗುಣಿಸಿ ನೋಡಿದೆ. ನನ್ನ 30/40 ನಿವೇಶನ ಸುಮಾರು 111 ಚದರ ಮೀಟರ್. ನಮ್ಮಲ್ಲಿ ದೊಡ್ಡದೆನಿಸುವ 60/80 ಕೂಡ 446 ಚದರ ಮೀಟರಿಗೆ ನಿಲ್ಲುತ್ತದೆ. ಎಂದರೆ ಮಂಡ್ಯದಂಥ ಊರಿನಲ್ಲಿ ಒಂದೊಂದೇ ನಿವೇಶನದ ಮೇಲೆ ಕಟ್ಟಿ ಮಾರುವ ಮನೆಗಳಾವುವೂ ನೋಂದಣಿಯ ಬಲೆಗೆ ಬೀಳುವುದೇ ಇಲ್ಲ. ನೋಂದಣಿಯಿಲ್ಲದ ಮನೆಯ ದೂರು ಹಿಡಿದು ಆ ಪ್ರಾಧಿಕಾರಕ್ಕೆ ಹೋದರೆ, ಗೋಡೆಯ ಮಾತಿಗೆ ಮೊದಲು ಈ ದೂರು ಇಲ್ಲಿಗೆ ಬರುತ್ತದೆಯೇ ಎಂಬ ವಾದವೇ ಎದ್ದು ನಿಲ್ಲುತ್ತದೆ.

ಗ್ರಾಹಕರ ಆಯೋಗವಿದೆಯಲ್ಲ ಎನ್ನಬಹುದು. ಇದೆ, 2019ರ ಕಾಯ್ದೆ ಮನೆ ನಿರ್ಮಾಣವನ್ನು ಸೇವೆ ಎಂದೇ ಒಪ್ಪಿದೆ, ನಾನು ಆ ದಾರಿಯನ್ನೇ ಹಿಡಿಯುತ್ತೇನೆ. ಆದರೆ ಅಲ್ಲಿ ದೂರಿಗಿರುವ ಅವಧಿ ವ್ಯಾಜ್ಯದ ಕಾರಣ ಹುಟ್ಟಿದಂದಿನಿಂದ ಎರಡೇ ವರ್ಷ, ತಡವಾದರೆ ತಕ್ಕ ಕಾರಣ ತೋರಿಸಿ ಮನವೊಲಿಸಬೇಕು. ಕೊಟ್ಟ ಬೆಲೆ 50 ಲಕ್ಷ ದಾಟಿದ್ದರೆ ಜಿಲ್ಲಾ ಆಯೋಗ ಬಿಟ್ಟು ರಾಜ್ಯ ಆಯೋಗಕ್ಕೆ ಹೋಗಬೇಕು. ಎಲ್ಲಕ್ಕಿಂತ ಕಷ್ಟದ್ದು ಸಾಕ್ಷ್ಯ. ನಮ್ಮ ಮನೆ ನೋಡಿದ ಇಬ್ಬರು ಇಂಜಿನಿಯರುಗಳು ಬಾಯಲ್ಲಿ ಎಲ್ಲವನ್ನೂ ಹೇಳಿದರು. ಬರೆದು ಸಹಿ ಹಾಕಿಕೊಡಿ ಎಂದಾಗ, ಇದೇ ಊರಿನಲ್ಲಿ ಕೆಲಸ ಮಾಡಬೇಕಲ್ಲ ಸಾರ್ ಎಂದು ಇಬ್ಬರೂ ಹಿಂದೆ ಸರಿದರು. ಅವರ ಮೇಲೆ ನನಗೆ ಕೋಪವಿಲ್ಲ.

ಹಾಗಾಗಿ ತಮ್ಮಲ್ಲಿ ಎರಡು ಬೇಡಿಕೆಗಳಿವೆ. 3ನೇ ಕಲಮಿನ ಪರಂತುಕವೊಂದು, ಅಗತ್ಯವೆಂದು ಕಂಡರೆ ಈ 500 ಚದರ ಮೀಟರ್ ಮಿತಿಯನ್ನು ಇಳಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ, ಸಂಸತ್ತಿಗೆ ಹೋಗಬೇಕಾಗಿಲ್ಲ. ಮಾರಾಟಕ್ಕೆಂದೇ ಕಟ್ಟುವ ಮನೆಗಳ ಮಟ್ಟಿಗೆ ಈ ಮಿತಿಯನ್ನು 100 ಚದರ ಮೀಟರಿಗೆ ಇಳಿಸುವಂತೆ ತಾವು ಸದನದಲ್ಲಿ ಒತ್ತಾಯಿಸಬೇಕು. ತನ್ನ ವಾಸಕ್ಕೆ ತಾನೇ ಕಟ್ಟಿಕೊಳ್ಳುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ನೋಂದಣಿಯ ಕಾಗದಪತ್ರ ಸಣ್ಣ ಬಿಲ್ಡರುಗಳಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಅವರಿಗೆ ಅರ್ಜಿಯನ್ನು ಸರಳಗೊಳಿಸಲಿ, ಐದು ವರ್ಷದ ಹೊಣೆಯನ್ನು ಮಾತ್ರ ಸಡಿಲಿಸದಿರಲಿ. ಎರಡನೆಯದು, ಬಿರುಕು ಬಿಟ್ಟ ಮನೆಗಳನ್ನು ನಿಗದಿತ ಶುಲ್ಕಕ್ಕೆ ಪರೀಕ್ಷಿಸಿ ಲಿಖಿತ ವರದಿ ಕೊಡುವ ವ್ಯವಸ್ಥೆ ಜಿಲ್ಲೆಯಲ್ಲಿ ಬೇಕು. 1962ರಿಂದ ಸಿವಿಲ್ ಇಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಪಿ.ಇ.ಎಸ್. ಕಾಲೇಜು ನಮ್ಮ ಊರಿನಲ್ಲೇ ಇದೆ. ಜಿಲ್ಲಾಡಳಿತ ಕೇಳಿದರೆ ಅಲ್ಲಿಯ ಪ್ರಾಧ್ಯಾಪಕರು ನಿರ್ಭಯವಾಗಿ ಬರೆದುಕೊಡಬಲ್ಲರೆಂದು ನನ್ನ ನಂಬಿಕೆ.

ಮುಂದಿನ ಅಧಿವೇಶನದಲ್ಲಿ ವಸತಿ ಸಚಿವರಿಗೆ ಈ ಮಿತಿಯ ಬಗ್ಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆಯನ್ನಾದರೂ ಕೇಳಿ ಎಂದು ಪ್ರಾರ್ಥಿಸುತ್ತೇನೆ. ಅದಕ್ಕೆ ಮೊದಲು, ಬಿಡುವಾದಾಗ, ನಮ್ಮ ಮನೆಗೊಮ್ಮೆ ಬನ್ನಿ. ಹಿಂಬದಿಯ ಕೋಣೆಯಲ್ಲಿ ಎರಡನೆಯ ಗಾಜಿನ ಪಟ್ಟಿಯನ್ನು ಬಿಗಿದು, ತಾರೀಖು ಬರೆದಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಂಡ್ಯ