ಸೌಟು ಬಿಟ್ಟು ಹೋದವನು ನಾನು

ಮಗಾ,

ನಿನ್ನ ಫೋಟೋ ನಿನ್ನೆ ರಾತ್ರಿ ಹತ್ತೂಕಾಲಿಗೆ ಬಂತು. ಐದು ವಾರದಲ್ಲಿ ನನ್ನ ಮೊಬೈಲಿಗೆ ನಿನ್ನಿಂದ ಬಂದದ್ದು ಇದೊಂದೇ. ಪಾತ್ರೆ ತುಂಬ ಒಡೆದ ಮೊಸರು, ನಡುವೆ ಮೋಮೋ ಥರ ಮಡಚಿದ ಹಿಟ್ಟಿನ ಉಂಡೆಗಳು. ಕೆಳಗೆ ನಾಲ್ಕೇ ಶಬ್ದ: 'ಅಪ್ಪಯ್ಯ, ಇದು ಯಾಕೆ ಒಡೆಯಿತು?'

ಅಮ್ಮ 'ಫೋನ್ ಮಾಡಿ ಹೇಳಿ' ಅಂದಳು. ಫೋನಿನಲ್ಲಿ ನನ್ನ ದನಿ ತಾನಾಗಿ ಏರುತ್ತದೆ. ವಾಟ್ಸಾಪಿನಲ್ಲಿ ಟೈಪ್ ಮಾಡಲು ಕೂತರೆ ಒಂದು ಸಾಲಿಗೆ ಕಾಲು ಗಂಟೆ. ಮೇಲಿನ ಮನೆಯ ಹುಡುಗ ರಜೆ ಮುಗಿಸಿ ಗುರುವಾರ ಕುವೈತಿಗೆ ಹೊರಡುತ್ತಾನೆ. ಮಸಾಲೆ ಪುಡಿಯ ಜೊತೆ ಈ ಕಾಗದವನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಹೊರಡುವ ಹಿಂದಿನ ರಾತ್ರಿಯ ವಿಷಯ ಬಿಡು.

ನೀನು ಮಾಡಲು ಹೊರಟದ್ದು ಶಿಶ್ ಬರಕ್, ಅರಬರ ಆ ಕೈಮಾ ಉಂಡೆಯ ಮೊಸರು ಸಾರು. ಮೊದಲು ಮೊಸರು. ಫ್ರಿಜ್ಜಿನಿಂದ ತೆಗೆದದ್ದನ್ನು ಸೀದಾ ಕುದಿಯುವ ನೀರಿಗೆ ಸುರಿದಿದ್ದೀ, ಅಲ್ವಾ? ಗಂಟೆಲ್ಲ ಒಂದು ಕಡೆ, ನೀರೆಲ್ಲ ಒಂದು ಕಡೆ, ಫೋಟೋದಲ್ಲೇ ಕಾಣುತ್ತದೆ. ಮೊಸರನ್ನು ತಣ್ಣಗಿರುವಾಗಲೇ ಚೆನ್ನಾಗಿ ಕಡೆಯಬೇಕು. ಒಂದು ಲೀಟರಿಗೆ ಎರಡು ಚಮಚ ಕಾರ್ನ್‌ಫ್ಲೋರ್, ಒಂದು ಮೊಟ್ಟೆಯ ಬಿಳಿ. ಆಮೇಲೆ ಸಣ್ಣ ಉರಿ. ಕುದಿ ಬರುವ ತನಕ ಕೈಯಾಡಿಸುತ್ತಲೇ ಇರಬೇಕು. ಹಿಟ್ಟು ಬೆಂದು ಮೊಸರನ್ನು ಹಿಡಿದುಕೊಂಡ ಮೇಲೆ ಹೆದರಿಕೆ ಇಲ್ಲ, ಆಗ ಉಂಡೆ ಬಿಡು. ಅಮ್ಮ ಕಾರ್ನ್‌ಫ್ಲೋರ್ ಬದಲು ನೆನೆಸಿದ ಅಕ್ಕಿ ಅರೆದು ಹಾಕುತ್ತಾಳೆ, ಮಜ್ಜಿಗೆ ಹುಳಿಗೆ ಹಾಕಿದ ಹಾಗೆ. ಕೆಲಸ ಒಂದೇ. ಇನ್ನೊಂದು, ಅಂಗಡಿಯಲ್ಲಿ ಲಬನ್ ಅಂತ ಕೇಳಿದರೆ ಕುಡಿಯುವ ಮಜ್ಜಿಗೆ ಕೊಡುತ್ತಾರೆ. ಅದು ಬೇಡ, ಗಟ್ಟಿ ಮೊಸರು ತಾ.

ಉಂಡೆ ಮಡಚಿದ್ದು ನಿನ್ನ ರೂಮಿನ ನೇಪಾಳದ ಹುಡುಗಿಯೇ ಇರಬೇಕು. ನಿನಗೆ ಅಷ್ಟು ಸಣ್ಣ ನೆರಿಗೆ ಬರುವುದಿಲ್ಲ. ಚೆನ್ನಾಗಿದೆ. ಆದರೆ ಶಿಶ್ ಬರಕ್‌ಗೆ ನೆರಿಗೆ ಇಲ್ಲ. ಮೈದಾ ಲಟ್ಟಿಸಿ, ಲೋಟದ ಬಾಯಿಯಿಂದ ಒತ್ತಿ, ಕೈಮಾ ಇಟ್ಟು, ಪುಟ್ಟ ಕರ್ಜಿಕಾಯಿ ಥರ ಮಡಚಿ, ಎರಡು ತುದಿಗಳನ್ನು ಬೆರಳಿಗೆ ಸುತ್ತಿ ಅಂಟಿಸುವುದು. 'ಕಿವಿ ಸಾರು' ಅಂತ ಹೆಸರಿಟ್ಟವಳು ನೀನೇ. ನಾವು ಕುರಿಯ ಬದಲು ಕೋಳಿ ಹಾಕಿದೆವು, ಪೈನ್ ಬೀಜದ ಬದಲು ಗೇರುಬೀಜದ ಚೂರು, ಅದಕ್ಕೊಂದು ಚಿಟಿಕೆ ಮಸಾಲೆ ಪುಡಿ. ಅಲ್ಲಿ ತುಪ್ಪದಲ್ಲಿ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಹುರಿದು ಮೇಲೆ ಸುರಿಯುತ್ತಾರೆ. ಅಮ್ಮ ಅದಕ್ಕೆ ಒಣಮೆಣಸು, ಕರಿಬೇವು ಸೇರಿಸಿ ಪೂರಾ ನಮ್ಮೂರಿನದೇ ಮಾಡಿಬಿಟ್ಟಳು. ಅಜ್ಜಿ ಮಾತ್ರ 'ಮಜ್ಜಿಗೆ ಹುಳಿಗೆ ಕೋಳಿಯಾ?' ಅಂತ ಕೊನೆಯವರೆಗೂ ಮುಟ್ಟಲಿಲ್ಲ.

ಇದನ್ನು ಎಲ್ಲಿ ಕಲಿತೆ ಅಂತ ಕೇಳಿದಾಗೆಲ್ಲ 'ಕುವೈತಿನಲ್ಲಿ' ಅಂತಷ್ಟೇ ಹೇಳಿದ್ದೇನೆ. ಪೂರ್ತಿ ಹೇಳಿಲ್ಲ.

ನಾನು ಹವಲ್ಲಿಯಲ್ಲಿ ಒಂದು ಪ್ಯಾಲೆಸ್ತೀನಿ ಮನೆಗೆ ಡ್ರೈವರ್ ಆಗಿದ್ದೆ. ಮನೆಯಾಕೆಯನ್ನು ಮಾಮಾ ಅನ್ನುತ್ತಿದ್ದೆ. ಅವರ ತಾಯಿಯ ಊರು ಪ್ಯಾಲೆಸ್ತೀನಿನ ನಾಬ್ಲುಸ್. ಮೊಸರು ಒಲೆಯ ಮೇಲಿದ್ದರೆ ಮಾಮಾ ಫೋನ್ ಬಂದರೂ ಎತ್ತುತ್ತಿರಲಿಲ್ಲ. ಮರದ ಸೌಟು, ಒಂದೇ ದಿಕ್ಕಿಗೆ ತಿರುಗಿಸುವುದು. 1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಬಂತು. ತಿಂಗಳಾಗುವಾಗ ಅಂಗಡಿಗಳೆಲ್ಲ ಖಾಲಿ. ನಾನು ಮಾರನೇ ದಿನ ಬಸ್ಸು ಹತ್ತುವುದು ಅಂತಾಯಿತು. ಮಾಮಾ ಕಪಾಟಿನ ಹಿಂದಿನಿಂದ ಹಾಲಿನ ಪುಡಿಯ ಡಬ್ಬಿ ತೆಗೆದರು. ಅದೇ ಕೊನೆಯದು. ಮಕ್ಕಳಿಗೆ ಇಟ್ಟದ್ದು. ಬೇಡ ಅಂದೆ, ಕೇಳಲಿಲ್ಲ. ಹಾಲು ಮಾಡಿ, ಹೆಪ್ಪು ಹಾಕಿ, ಮಾರನೇ ದಿನ ಬೆಳಿಗ್ಗೆ ಒಲೆಗಿಟ್ಟರು. ಮೊಟ್ಟೆ ಇರಲಿಲ್ಲ. ಕಾರ್ನ್‌ಫ್ಲೋರ್ ಡಬ್ಬಿಯ ತಳ ಕೆರೆದರು. ಮಗು ಅತ್ತಿತು ಅಂತ ಸೌಟು ನನ್ನ ಕೈಗೆ ಕೊಟ್ಟು ಹೋದರು. ನಿಲ್ಲಿಸಬೇಡ ಅಂದರು.

ಕೆಳಗೆ ಲಾರಿ ನಿಂತ ಸದ್ದಾಯಿತು. ನಾನು ಸೌಟು ಬಿಟ್ಟು ಬಾಲ್ಕನಿಗೆ ಓಡಿದೆ.

ಮಿಲಿಟರಿ ಲಾರಿಯೇ. ನಮ್ಮ ಕಟ್ಟಡಕ್ಕೆ ಬಂದದ್ದಲ್ಲ. ಎರಡು ನಿಮಿಷ ನಿಂತು ಹೋಯಿತು. ನಾನು ಅಲ್ಲೇ ನಿಂತು ಅದು ತಿರುವು ದಾಟುವ ತನಕ ನೋಡಿದೆ. ಯಾಕೆ ಅಷ್ಟು ಹೊತ್ತು ನಿಂತೆ ಅಂತ ಈಗಲೂ ಕೇಳಿಕೊಳ್ಳುತ್ತೇನೆ. ಒಳಗೆ ಬಂದರೆ ಪಾತ್ರೆಯಲ್ಲಿ ನಿನ್ನ ಫೋಟೋದಲ್ಲಿ ಇದೆಯಲ್ಲ, ಅದೇ. ಮಾಮಾ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತಿದ್ದರು. 'ಮಾಲೇಶ್' ಅಂದರು. ಪರವಾಗಿಲ್ಲ ಅಂತ. ಆ ಒಡೆದ ಮೊಸರಿನಲ್ಲೇ ಉಂಡೆ ಬೇಯಿಸಿದರು. ಎಲ್ಲರೂ ತಿಂದೆವು. ನನ್ನ ತಟ್ಟೆಗೆ ಎರಡು ಜಾಸ್ತಿ ಹಾಕಿದರು. ನಾನು ಸಾರಿ ಅಂತಲೂ ಹೇಳಲಿಲ್ಲ, ಹನ್ನೊಂದು ಗಂಟೆಯ ಬಸ್ಸಿಗೆ ಹೊರಟೆ.

ಆಮೇಲಿನದು ನಿನಗೆ ಬಾಯಿಪಾಠ. ಬಾಗ್ದಾದ್, ಜೋರ್ಡಾನ್ ಗಡಿಯ ಡೇರೆ, ಅಮ್ಮಾನ್, ಏರ್ ಇಂಡಿಯಾ, ಬೊಂಬಾಯಿ. ನಮ್ಮನ್ನು ಕರೆತರಲು ಸರ್ಕಾರ ಇತ್ತು. ಅವರಿಗೆ ಯಾರಿದ್ದರು? ಆಗ ಅಲ್ಲಿ ನಾಲ್ಕು ಲಕ್ಷದ ಹತ್ತಿರ ಪ್ಯಾಲೆಸ್ತೀನಿಯರಿದ್ದರು. ಯುದ್ಧದ ಹೊತ್ತಿಗೆ ಮತ್ತು ಅದು ಮುಗಿದ ಮೇಲೆ ಹೆಚ್ಚಿನವರು ಕುವೈತ್ ಬಿಡಬೇಕಾಯಿತು. ಮಾಮಾ ಎಲ್ಲಿಗೆ ಹೋದರೋ. ಒಂದು ಕಾಗದ ಹಾಕಿದ್ದೆ, ಉತ್ತರ ಬರಲಿಲ್ಲ.

ನೀನು ಕುವೈತಿನ ಕೆಲಸ ಅಂದಾಗ ನನಗೆ ನಿನ್ನ ಸಂಬಳ ಕಾಣಲಿಲ್ಲ, ಆ ಲಾರಿ ಕಂಡಿತು. ಅದನ್ನು ಹಾಗೇ ಹೇಳಬಹುದಿತ್ತು. ನಾನು ಬೇರೆ ಏನೇನೋ ಅಂದೆ. ತಪ್ಪಾಯಿತು. ಏರ್ಪೋರ್ಟಿಗೆ ಬಾರದ ದಿನ ಟೆಂಪೊ ರಿಪೇರಿ ಇತ್ತು ಅಂದೆನಲ್ಲ, ಇರಲಿಲ್ಲ. ಗಂಗೊಳ್ಳಿ ಬಂದರಿನಲ್ಲಿ ಸುಮ್ನೆ ಕೂತಿದ್ದೆ.

ಹಾಗಂತ ನಾನು ಹೇಳಿದ್ದೆಲ್ಲ ಸುಳ್ಳಲ್ಲ. ಪಾಸ್‌ಪೋರ್ಟ್ ಯಾರ ಕೈಯಲ್ಲೂ ಬಿಡಬೇಡ. ಅದರ ಜೆರಾಕ್ಸ್ ಮೂರು ಕಡೆ ಇಡು. ರಾಯಭಾರ ಕಚೇರಿಯ ನಂಬರ್ ಮೊಬೈಲಿನಲ್ಲಿ ಮಾತ್ರ ಅಲ್ಲ, ಕಾಗದದಲ್ಲೂ ಬರೆದಿಡು, ಮೊಬೈಲ್ ಸತ್ತರೆ ಏನು ಮಾಡುತ್ತೀ? ವಿಮಾನದ ಟಿಕೆಟ್ಟಿಗೆ ಆಗುವಷ್ಟು ದುಡ್ಡು ಯಾವತ್ತೂ ಕೈಯಲ್ಲಿರಲಿ. ನೈಟ್ ಡ್ಯೂಟಿ ಮುಗಿಸಿ ಉಪವಾಸ ಮಲಗಬೇಡ. ನೀನು ನರ್ಸ್, ನಾನು ನಿನಗೆ ಹೇಳುವುದೇ? ಆದರೂ ಹೇಳುತ್ತೇನೆ. ನೀರು ಕುಡಿ. ಅಲ್ಲಿನ ಬಿಸಿಲು ಐವತ್ತು ಡಿಗ್ರಿ ಮುಟ್ಟುತ್ತದೆ.

ಅಮ್ಮನ ಖಾತೆಗೆ ನೀನು ಹಾಕಿದ ದುಡ್ಡು ಬಂತು. ಪಾಸ್‌ಬುಕ್ ಎಂಟ್ರಿ ಮಾಡಿಸಲು ನಾನೇ ಹೋದೆ. ಬರುವಾಗ ಮೀನು ಮಾರ್ಕೆಟಿನ ದಾರಿಯಲ್ಲಿ ಬಂದೆ. ನಮ್ಮ ಮನೆಗೆ ಅದು ಸುತ್ತು ದಾರಿ. ನಾಲ್ಕು ಜನ ಕೇಳಿದರು, ತೋರಿಸಿದೆ. ಅಮ್ಮನಿಗೆ ಹೇಳಬೇಡ.

ಹವಲ್ಲಿ ಕಡೆ ಹೋಗಬೇಡ, ಆ ಕಟ್ಟಡ ಈಗ ಎಲ್ಲಿರುತ್ತದೆ? ಅಕಸ್ಮಾತ್ ಆ ದಾರಿಯಲ್ಲಿ ಹೋದರೆ ಒಂದು ಫೋಟೋ ತೆಗೆ.

ಪುಡಿ ಒಂದು ಕಿಲೋ ಇದೆ. ಅರ್ಧ ಡಬ್ಬಿಗೆ ಹಾಕಿ ಉಳಿದದ್ದು ಫ್ರಿಜ್ಜಿನಲ್ಲಿಡು, ಹುಳ ಬೀಳುವುದಿಲ್ಲ. ಗೇರುಬೀಜ ಆ ನೇಪಾಳದ ಹುಡುಗಿಗೂ ಕೊಡು.

ಒಂದು ಕೇಳಲು ಮರೆತೆ. ಆ ಒಡೆದ ಸಾರನ್ನು ಏನು ಮಾಡಿದೆ? ಚೆಲ್ಲಿದೆಯಾ, ಇಬ್ಬರೂ ತಿಂದಿರಾ?

ಅಪ್ಪಯ್ಯ