ನಿನ್ನ ಕಥೆಯನ್ನು ಬೇರೆಯವರ ಬಾಯಿಗೆ ಕೊಡು

ಹಾಸನ,
ಆರಿದ್ರಾ ಮಳೆಯ ಒಂದು ಸಂಜೆ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರವೂ ಕಥೆಯೂ ತಲುಪಿದವು. ನಾಲ್ಕು ಪುಟದಲ್ಲಿ ಒಂಬತ್ತು ಸಲ ‘ಮೇಡಂ’ ಅಂತ ಬರೆದಿದ್ದೀಯ. ಅಕ್ಕ ಅಂದರೆ ಸಾಕು. ಈ ಊರಲ್ಲಿ ನನ್ನನ್ನು ಮೇಡಂ ಅನ್ನುವವನು ಸಿಲಿಂಡರ್ ತರುವ ಹುಡುಗ ಒಬ್ಬನೇ.

ಚಿಕ್ಕಮಗಳೂರಿನ ಹತ್ತಿರದ ತೋಟದ ಮನೆಯಲ್ಲಿ ಮಕ್ಕಳ ಪುಸ್ತಕ ಬರೆಯುವವರಿಗೆ ಎರಡು ದಿನದ ಶಿಬಿರ, ಹೋಗಲೋ ಬೇಡವೋ ಅಂತ ಕೇಳಿದ್ದೀಯ. ಹೋಗು. ಮೂರೂವರೆ ಸಾವಿರ ಜಾಸ್ತಿ ಆಯಿತು ಅಂತ ನಿನ್ನ ಹೆಂಡತಿ ಹೇಳಿದ್ದರಲ್ಲಿ ತಪ್ಪಿಲ್ಲ. ಸೊಸೈಟಿಯ ಸಂಬಳಕ್ಕೆ ಅದು ಜಾಸ್ತಿಯೇ. ಆದರೂ ಹೋಗು. ನೀನು ಕೊಟ್ಟ ಕಾರಣಕ್ಕೆ ಮಾತ್ರ ಬೇಡ. ‘ಪ್ರಕಾಶಕರ ಪರಿಚಯ ಆಗುತ್ತೆ’ ಅಂತ ಬರೆದಿದ್ದೀಯ. ಅದಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ಕಥೆ ಚೆನ್ನಾಗಿದ್ದರೆ ಅಂಚೆಯಲ್ಲಿ ಕಳಿಸಿದರೂ ಓದುತ್ತಾರೆ. ಚೆನ್ನಾಗಿಲ್ಲದಿದ್ದರೆ ಪಕ್ಕದಲ್ಲಿ ಕೂತು ಊಟ ಮಾಡಿದರೂ ಓದುವುದಿಲ್ಲ.

ಅಲ್ಲಿ ಸಿಗುವ ಲಾಭ ಬೇರೆ. ನಿನ್ನ ಕಥೆಯನ್ನು ನೀನಲ್ಲದ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ನೀನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ಕೇಳುತ್ತೀಯ. ಅಷ್ಟೇ. ಆ ಹದಿನೈದು ನಿಮಿಷಕ್ಕೆ ಮೂರೂವರೆ ಸಾವಿರ ಕೊಡಬಹುದು.

ಇದೇನು ಮಹಾ ಅನ್ನಬೇಡ. ನಾವು ಬರೆದದ್ದನ್ನು ನಾವೇ ಓದಿದಾಗ ಗುಂಡಿಗಳನ್ನೆಲ್ಲ ದನಿಯಲ್ಲೇ ಮುಚ್ಚಿಬಿಡುತ್ತೇವೆ. ಎಲ್ಲಿ ಎಳೆಯಬೇಕು, ಎಲ್ಲಿ ಪಿಸುಗುಟ್ಟಬೇಕು, ಎಲ್ಲಿ ಕಣ್ಣು ಅಗಲ ಮಾಡಬೇಕು ಎಲ್ಲಾ ಗೊತ್ತಿರುತ್ತದೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಪುಸ್ತಕ ಅಂಗಡಿಗೆ ಹೋಗುವಾಗ ನಮ್ಮ ಕಣ್ಣು, ನಮ್ಮ ದನಿ ಜೊತೆಗೆ ಹೋಗುವುದಿಲ್ಲವಲ್ಲ. ಅಲ್ಲಿ ಓದುವವಳು ದಿನವಿಡೀ ದುಡಿದು ಸುಸ್ತಾದ ಒಬ್ಬ ತಾಯಿ. ಇಲ್ಲವೇ ಅಕ್ಷರ ಕೂಡಿಸಿಕೊಂಡು ಓದುವ ಎರಡನೇ ಕ್ಲಾಸಿನ ಹುಡುಗ.

ನಾನು ಮೊದಲ ಸಲ ಇಂಥ ಶಿಬಿರಕ್ಕೆ ಹೋದದ್ದು ಇಪ್ಪತ್ತೈದು ವರ್ಷದ ಹಿಂದೆ, ಮೂಡಿಗೆರೆ ಕಡೆ. ಇದೇ ಆರಿದ್ರಾ ಮಳೆ. ಆರದೆ ಹುಯ್ಯುತ್ತದೆ ಅಂತಾರಲ್ಲ, ಹಾಗೇ ಹುಯ್ಯುತ್ತಿತ್ತು. ಬಸ್ಸು ಇಳಿದು ತೋಟದ ಮನೆ ಸೇರುವಷ್ಟರಲ್ಲಿ ಕಾಲಿಗೆ ಮೂರು ಇಂಬಳ, ಅದೇ ರಕ್ತ ಹೀರುವ ಜಿಗಣೆ, ಹತ್ತಿದ್ದವು. ಶನಿವಾರ ಸಂಜೆ ಕರೆಂಟು ಹೋಯಿತು, ಭಾನುವಾರ ಬೆಳಗ್ಗೆವರೆಗೂ ಬರಲಿಲ್ಲ. ಮೇಣದಬತ್ತಿ ಹಚ್ಚಿಕೊಂಡು ಒಬ್ಬರ ಕಥೆ ಇನ್ನೊಬ್ಬರು ಓದುವುದು ಅಂತಾಯಿತು. ನನ್ನದು ನಾಯಿಯ ಕಥೆ. ಬಸ್‌ ಸ್ಟಾಪಿನಲ್ಲಿ ಯಜಮಾನನಿಗೆ ಕಾಯುವ ನಾಯಿ ಸಂಜೆಯಾದರೂ ಮನೆಗೆ ಬಂದಿರುವುದಿಲ್ಲ. ಮನೆಯ ಹುಡುಗ ಹುಡುಕಿಕೊಂಡು ಹೊರಡುತ್ತಾನೆ. ನನ್ನ ಹಾಳೆಗಳು ಒಬ್ಬ ಹೈಸ್ಕೂಲು ಮೇಷ್ಟರ ಕೈಗೆ ಹೋದವು. ಒಳ್ಳೆಯ ಮನುಷ್ಯ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಸರು ಕೂಗುವ ಹಾಗೆ ಓದುತ್ತಿದ್ದರು. ನನಗೆ ಎದ್ದು ಕಿತ್ತುಕೊಳ್ಳೋಣ ಅನ್ನಿಸಿತು.

ಅಡಿಗೆ ಮಾಡುತ್ತಿದ್ದ ಹೆಂಗಸಿನ ಮಗಳು ಬಾಗಿಲ ಹತ್ತಿರ ಕೂತಿದ್ದಳು. ತೋಟದ ಕೂಲಿಯವರ ಲೈನ್ ಮನೆಯ ಹುಡುಗಿ, ಏಳೆಂಟು ವರ್ಷ ಇರಬಹುದು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಎರಡು ಪುಟ ಅಲುಗಾಡದೆ ಕೇಳಿದಳು. ಮೂರನೇ ಪುಟದಲ್ಲಿ ನಾನು ಸೂರ್ಯಾಸ್ತ ಬರೆದಿದ್ದೆ. ಹದಿನಾಲ್ಕು ಸಾಲು. ಮುಳ್ಳಯ್ಯನಗಿರಿಯ ಹಿಂದೆ ಸೂರ್ಯ ಇಳಿಯುವುದು, ಮೋಡಕ್ಕೆ ಕುಂಕುಮ ಚೆಲ್ಲುವುದು, ಎಲ್ಲಾ ಇತ್ತು. ಅದು ಕರ್ನಾಟಕದಲ್ಲೇ ಎತ್ತರದ ಬೆಟ್ಟ, 1,930 ಮೀಟರ್ ಅಂತಲೂ ತುರುಕಿದ್ದೆ. ಮಕ್ಕಳಿಗೆ ಜ್ಞಾನ ಬರಲಿ ಅಂತ. ಕಾದು ಕೂತ ನಾಯಿಗೆ ಅದು ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಹುಡುಗಿ ಎದ್ದು ಒಳಗೆ ಹೋದಳು. ಒಲೆಯ ಹತ್ತಿರ ಬೆಕ್ಕು ಆಡಿಸುತ್ತಿದ್ದದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲಿಗೆ ಬಂದು, ಮೇಷ್ಟರನ್ನೇ ನೋಡುತ್ತಾ ಕೇಳಿದಳು: “ನಾಯಿ ಬಂತಾ?”

ಬಂದಿರಲಿಲ್ಲ. ಸೂರ್ಯ ಇನ್ನೂ ಮುಳುಗುತ್ತಲೇ ಇದ್ದ.

ನನ್ನ ಗಂಟಲು ಕಟ್ಟಿತು. ಅದು ನಾನು ಬರೆದ ಅತಿ ಚಂದದ ಭಾಗ ಅಂತ ನಂಬಿದ್ದೆ. ಆ ರಾತ್ರಿ ಕಂಬಳಿ ಹೊದ್ದುಕೊಂಡು, ಅವಳು ಎದ್ದು ಹೋದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದೆ, ಮರಳಿ ಬಂದ ಜಾಗಕ್ಕೆ ಇನ್ನೊಂದು. ನಡುವಿನದ್ದೆಲ್ಲ ತೆಗೆದೆ. ಕಥೆ ಒಂದು ಕೂದಲಿನಷ್ಟೂ ಕೊಂಕಲಿಲ್ಲ.

ಈಗ ನಿನ್ನ ಆನೆಮರಿ ಕಥೆಗೆ ಬರೋಣ. ಬೇಜಾರು ಮಾಡಿಕೊಳ್ಳಬೇಡ. ಆನೆಮರಿ ಸುಳ್ಳು ಹೇಳುತ್ತದೆ, ಅಜ್ಜಿ ಆನೆ ಬುದ್ಧಿ ಹೇಳುತ್ತದೆ, ಕೊನೆಗೆ ನಾಲ್ಕು ಸಾಲು ನೀತಿ. ನೀನು ಇರುವುದು ಆಲೂರು ತಾಲ್ಲೂಕಿನಲ್ಲಿ ಕಣೋ. ನಿಮ್ಮ ಕಡೆ, ಸಕಲೇಶಪುರದ ಕಡೆ, ಮಗುವಿಗೆ ಆನೆ ಅಂದರೆ ಏನು? ಬೆಳಗ್ಗೆ ಎದ್ದರೆ ಬಾಳೆ ಮುರಿದು ಬಿದ್ದಿರುತ್ತದೆ. ಗದ್ದೆಯ ಕೆಸರಿನಲ್ಲಿ ಊಟದ ತಟ್ಟೆಗಿಂತ ಅಗಲದ ಹೆಜ್ಜೆ, ಅದರೊಳಗೆ ಮಳೆನೀರು. ಯಾವ ತೋಟದಲ್ಲಿ ಆನೆ ಇದೆ ಅಂತ ಅಪ್ಪ ಮೊಬೈಲಿನಲ್ಲಿ ಮೆಸೇಜು ನೋಡಿ, ಆಮೇಲೆ ಮಗುವನ್ನು ಶಾಲೆಗೆ ಬಿಡುತ್ತಾನೆ. ಆನೆ ಸುಳ್ಳು ಹೇಳಿತೋ ನಿಜ ಹೇಳಿತೋ ಆ ಮಗುವಿಗೆ ಬೇಕಿಲ್ಲ. ಆನೆ ಈಗ ಎಲ್ಲಿದೆ ಅನ್ನುವುದು ಬೇಕು. ನಿನ್ನ ಎರಡನೇ ಪುಟದಲ್ಲಿ ಮರಿ ಕಾಫಿ ಕಣದಲ್ಲಿ ಹರಡಿದ ಟಾರ್ಪಾಲಿನ ಕೆಳಗೆ ಸೊಂಡಿಲು ತೂರಿಸುತ್ತದಲ್ಲ, ಅಲ್ಲಿ ನಾನು ಉಸಿರು ಹಿಡಿದೆ. ನೀನೇ ಬೇಗ ಬೇಗ ಅಲ್ಲಿಂದ ಎಬ್ಬಿಸಿಕೊಂಡು ಹೋಗಿ ಅಜ್ಜಿಯ ಮುಂದೆ ಕೂರಿಸಿದೆ. ಶಿಬಿರದಲ್ಲಿ ಓದುವವರ ದನಿ ಕೊನೆಯ ಪುಟದಲ್ಲಿ ಹೇಗೆ ಬದಲಾಗುತ್ತದೆ ಗಮನಿಸು. ಯಾರೇ ಓದಲಿ, ನೀತಿ ಬರುತ್ತಿದ್ದಂತೆ ಗಂಟಲು ಸರಿಮಾಡಿಕೊಂಡು ಮೇಷ್ಟರಾಗಿಬಿಡುತ್ತಾರೆ.

ಇನ್ನೊಂದು ವಿಷಯ. ಹೋಗುವ ಮೊದಲು ನಿಮ್ಮೂರಿನ ಸರ್ಕಾರಿ ಶಾಲೆಗೆ ಒಂದು ಮಧ್ಯಾಹ್ನ ಹೋಗು. ಒಂದನೇ ಕ್ಲಾಸಿನ ನಲಿ-ಕಲಿ ಕಾರ್ಡುಗಳನ್ನು ಕೇಳಿ ನೋಡು. 1995ರಲ್ಲಿ ಹೆಗ್ಗಡದೇವನ ಕೋಟೆಯ ಶಾಲೆಗಳಲ್ಲಿ ಶುರುವಾದ ಪದ್ಧತಿ ಅದು. ನಾವು ಅ ಆ ಇ ಈ ಅಂತ ಕಲಿತವರು. ಅಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಯಾಕೆ ಗೊತ್ತಾ? ಐದೇ ಅಕ್ಷರದಲ್ಲಿ ಎಷ್ಟು ಪದ ಆಗುತ್ತವೆ ನೋಡು. ಸರ, ರಸ, ಅರಸ, ಅಗಸ, ದಸರ, ಗರಗಸ. ಆ ಐದು ಅಕ್ಷರ ಹಿಡಿದ ಕೂಡಲೇ ಆರು ವರ್ಷದ ಮಗು ತಾನೇ ‘ಗರಗಸ’ ಅಂತ ಓದಿ ಹಲ್ಲು ಕಿರಿಯುತ್ತದೆ. ನಾನು ಮೂವತ್ತು ವರ್ಷ ಬರೆದಿದ್ದೇನೆ. ಐದು ಅಕ್ಷರದಲ್ಲಿ ಅಷ್ಟು ಖುಷಿ ಕೊಡಲು ನನಗೆ ಬಂದಿಲ್ಲ.

ಕಾಗುಣಿತ ಆಮೇಲೆ. ಒತ್ತಕ್ಷರ ಅದಕ್ಕೂ ಆಮೇಲೆ. ಒತ್ತಿನಲ್ಲೂ ಅಕ್ಕ, ಅಪ್ಪ, ಅಣ್ಣ ಸುಲಭ. ಆ ಪದಗಳು ಮೊದಲೇ ಬಾಯಲ್ಲಿರುತ್ತವೆ. ಬೇರೆ ಅಕ್ಷರದ ಒತ್ತು ಬಂದಾಗ ಬೆರಳು ನಿಲ್ಲುತ್ತದೆ. ಅರ್ಕಾವತ್ತಂತೂ ಕೇಳಲೇ ಬೇಡ. ‘ಸೂರ್ಯ’ ಅನ್ನುವಾಗ ರಕಾರ ಬಾಯಿಗೆ ಮೊದಲು ಬರುತ್ತದೆ, ಕಣ್ಣಿಗೆ ಮಾತ್ರ ಯಕಾರ ಆದಮೇಲೆ ಕಾಣುತ್ತದೆ. ಮಕ್ಕಳು ಅಲ್ಲಿ ಎಡವದೆ ಇನ್ನೇನು ಮಾಡುತ್ತಾರೆ? ನಿನ್ನ ಮೊದಲ ಸಾಲು ‘ಅರಣ್ಯದ ನಿಶ್ಶಬ್ದ ವಾತಾವರಣದಲ್ಲಿ’ ಅಂತ ಶುರುವಾಗುತ್ತದೆ. ‘ಕಾಡು ಸುಮ್ಮನಿತ್ತು’ ಅಂದರೆ ಆಗುವುದಿಲ್ವಾ? ಒತ್ತು ಇರುವ ಪದವೇ ಬೇಡ ಅಂತಲ್ಲ. ‘ಧೊಪ್ಪನೆ’, ‘ಘಮ್ಮೆಂದಿತು’ ಇಲ್ಲದೆ ಕನ್ನಡದಲ್ಲಿ ಮಕ್ಕಳ ಕಥೆ ಆಗುತ್ತದಾ? ಮಗು ಎಡವಿದರೂ ಆ ಪದ ಎಡವಿದ್ದಕ್ಕೆ ಸರಿಯಾಗಿ ಏನಾದರೂ ಕೊಡಬೇಕು. ‘ವಾತಾವರಣ’ ಏನು ಕೊಡುತ್ತದೆ ಹೇಳು.

ಶಿಬಿರಕ್ಕೆ ಏನು ತೆಗೆದುಕೊಂಡು ಹೋಗಲಿ ಅಂತ ಕೇಳಿದ್ದೀಯ. ಲ್ಯಾಪ್‌ಟಾಪ್ ಬೇಕಿದ್ದರೆ ಇರಲಿ, ಆದರೆ ನಂಬಬೇಡ, ಅಲ್ಲಿ ಕರೆಂಟಿಗೆ ಮಳೆ ಕಂಡರೆ ಆಗುವುದಿಲ್ಲ. ಕಥೆಯ ಮೂರು ಪ್ರತಿ ಜೆರಾಕ್ಸ್ ಮಾಡಿಸಿಕೋ. ಇಂಬಳಕ್ಕೆ ಒಂದು ಪೊಟ್ಟಣ ಉಪ್ಪು. ಎಂಟು ಖಾಲಿ ಹಾಳೆ.

ಎಂಟು ಹಾಳೆ ಯಾಕೆ ಅಂದರೆ, ಅಷ್ಟನ್ನೂ ಒಟ್ಟಿಗೆ ನಡುವೆ ಮಡಚಿ ಪಿನ್ನು ಹೊಡೆದರೆ 32 ಪುಟದ ಪುಸ್ತಕ ಆಗುತ್ತದೆ. ಅಚ್ಚಿನ ಮನೆಯವರು ಫಾರಂ ಲೆಕ್ಕದಲ್ಲಿ ಮಾತಾಡುತ್ತಾರೆ, ಒಂದು ಫಾರಂ ಅಂದರೆ 8 ಇಲ್ಲವೇ 16 ಪುಟ. ಹಾಗಾಗಿ ಚಿತ್ರಪುಸ್ತಕ ಸಾಮಾನ್ಯವಾಗಿ 16, 24, 32 ಹೀಗೇ ಇರುತ್ತದೆ, 29 ಪುಟದ್ದು ಮಾಡಿಕೊಡಿ ಅಂದರೆ ನಗುತ್ತಾರೆ. ಹೆಸರು, ಪ್ರಕಾಶಕರ ವಿವರಕ್ಕೆ ಮೂರು ನಾಲ್ಕು ಪುಟ ಬಿಡು. ಉಳಿದದ್ದರಲ್ಲಿ ನಿನ್ನ ಕಥೆಯನ್ನು ಪೆನ್ಸಿಲಿನಲ್ಲಿ ಹಂಚಿ ಬರೆ. ಬೆಸ ಸಂಖ್ಯೆಯ ಪುಟ ಯಾವಾಗಲೂ ಬಲಗಡೆ ಬರುತ್ತದೆ. ಅದರ ಕೊನೆಯ ಸಾಲು ಓದಿದ ಮೇಲೆ ಮಗುವಿನ ಕೈ ತಾನಾಗಿ ಪುಟ ತಿರುಗಿಸಬೇಕು. ಸೊಂಡಿಲು ಟಾರ್ಪಾಲಿನ ಕೆಳಗೆ ಹೋಗುವುದು ಬಲಗಡೆ ಬರಲಿ. ಅಲ್ಲಿ ಏನು ಸಿಕ್ಕಿತು ಅನ್ನುವುದು ತಿರುಗಿಸಿದ ಮೇಲೆ.

ಇದನ್ನು ನಾನು ಕಲಿತದ್ದು ಯಾವ ಶಿಬಿರದಲ್ಲೂ ಅಲ್ಲ, ಹಳೇಬೀಡಿನಲ್ಲಿ. ಬೇಲೂರಿನ ಮೇಲೇ ಹೋಗುತ್ತೀಯಲ್ಲ, ಟೈಮ್ ಇದ್ದರೆ ಒಂದು ದಿನ ಮೊದಲೇ ಹೊರಟು ಬೇಲೂರಿನಿಂದ ಹಳೇಬೀಡಿಗೂ ಹೋಗಿ ಬಾ. ದೇವಸ್ಥಾನದ ಗೋಡೆಯಲ್ಲಿ ಕೆಳಗಿನ ಸಾಲು ಪೂರ್ತಿ ಆನೆ, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆಗಳು, ರಾಮಾಯಣ ಮಹಾಭಾರತದ ಕಥೆಗಳ ಸಾಲು. ಗೋಡೆ ನೇರ ಇಲ್ಲ, ಮಡಚಿ ಮಡಚಿ ಹೋಗುತ್ತದೆ. ಮೊಮ್ಮಗನನ್ನು ಕರೆದುಕೊಂಡು ಹೋದಾಗ ಅವನು ಪ್ರತಿ ಮೂಲೆಯಲ್ಲೂ ನನ್ನ ಸೆರಗು ಬಿಟ್ಟು ಓಡುತ್ತಿದ್ದ, ಆ ಕಡೆ ಯಾರು ಬಾಣ ಹಿಡಿದಿದ್ದಾರೆ ನೋಡಲು. ನಾನೂ ಅವನ ಹಿಂದೆ ಏದುಸಿರು ಬಿಡುತ್ತಾ ಓಡಿದೆ.

ಶಿಬಿರಕ್ಕೆ ಚಿತ್ರಗಾರರು ಯಾರಾದರೂ ಬಂದಿದ್ದರೆ ತಿಂಡಿಗೆ ಅವರ ಪಕ್ಕ ಕೂರು. ‘ದೊಡ್ಡ ಕಿವಿಯ ಬೂದು ಬಣ್ಣದ ಮುದ್ದು ಆನೆಮರಿ’ ಅಂತ ನೀನು ಬರೆದ ಸಾಲನ್ನು ತೋರಿಸು. ಅವರು ಅದನ್ನು ಒಂದು ಗೆರೆಯಲ್ಲಿ ಬರೆದು ತೋರಿಸಿದ ಮೇಲೆ ಆ ಸಾಲಿನ ಕೆಲಸ ಮುಗಿಯಿತು, ಹೊಡೆದುಹಾಕು.

ಅಂದಹಾಗೆ, ಅಲ್ಲಿ ಯಾರಾದರೂ ಕಾಗದ ಮುಂದಿಟ್ಟು ಸಹಿ ಹಾಕಿ ಅಂದರೆ ಮನೆಗೆ ತಂದು ಓದುತ್ತೇನೆ ಅನ್ನು. ನಾನು ಆ ನಾಯಿ ಕಥೆಗೆ ಎರಡು ಸಾವಿರಕ್ಕೆ ಖುಷಿಯಲ್ಲಿ ಸಹಿ ಹಾಕಿದವಳು. ಎಷ್ಟು ವರ್ಷಕ್ಕೆ ಅಂತ ಬರೆಯದೆ ಬಿಟ್ಟಿದ್ದರೆ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ 5 ವರ್ಷ ಅಂತಲೇ ಲೆಕ್ಕ. ಅವರು ಬಿಟ್ಟಿರಲಿಲ್ಲ. ‘ಶಾಶ್ವತವಾಗಿ’ ಅಂತ ಸಣ್ಣ ಅಕ್ಷರದಲ್ಲಿತ್ತು. ಪುಸ್ತಕ ಐದಾರು ಸಲ ಅಚ್ಚಾಯಿತು. ನನಗೆ ಗೊತ್ತಾದದ್ದು ಜಾತ್ರೆಯ ಪುಸ್ತಕದಂಗಡಿಯಲ್ಲಿ ನೋಡಿ. ಒಂದು ಪ್ರತಿ ನಾನೇ ದುಡ್ಡು ಕೊಟ್ಟು ಕೊಂಡೆ.

ಓದುವಾಗ ಮಧ್ಯೆ ಬಾಯಿ ಹಾಕಿ ‘ಅಲ್ಲ, ಅದರ ಅರ್ಥ ಏನಂದರೆ’ ಅನ್ನಬೇಡ. ತುಟಿಗೆ ಬರುತ್ತದೆ, ನುಂಗಿಕೋ. ಪೆನ್ಸಿಲ್ ಹಿಡಿದುಕೋ. ಓದುವವರು ಎಲ್ಲಿ ಎಡವಿದರು, ಎಲ್ಲಿ ವೇಗ ಹೆಚ್ಚಿಸಿದರು, ಯಾರು ಯಾವಾಗ ಮೊಬೈಲ್ ನೋಡಿದರು, ಅಷ್ಟಕ್ಕೂ ಗುರುತು ಹಾಕು. ಆಮೇಲೆ ಅವರು ಹೇಳುವ ‘ತುಂಬಾ ಚೆನ್ನಾಗಿದೆ’ಗೆ ಥ್ಯಾಂಕ್ಸ್ ಹೇಳಿ ಮರೆತುಬಿಡು.

ಭಾನುವಾರ ಮಧ್ಯಾಹ್ನದ ಊಟ ಆದಮೇಲೆ ಬಿಡುತ್ತಾರೆ ಅಂದೆಯಲ್ಲ. ಚಿಕ್ಕಮಗಳೂರಿನಿಂದ ಹಾಸನಕ್ಕೆ 60 ಕಿಲೋಮೀಟರ್ ಚಿಲ್ಲರೆ, ಸಂಜೆ ಕಾಫಿ ಹೊತ್ತಿಗೆ ಬಂದುಬಿಡುತ್ತೀಯ. ಆಲೂರಿನ ಬಸ್ಸು ಹತ್ತುವ ಮೊದಲು ಮನೆಗೆ ಬಾ. ಮೊಮ್ಮಗ ಎರಡನೇ ಕ್ಲಾಸು, ಈಗಷ್ಟೇ ಒತ್ತಕ್ಷರ ಹಿಡಿದಿದ್ದಾನೆ, ಸಿಕ್ಕ ಬೋರ್ಡನ್ನೆಲ್ಲ ಓದುತ್ತಾನೆ. ನಿನ್ನ ಪಿನ್ನು ಹೊಡೆದ ಪುಸ್ತಕ ಅವನ ಕೈಗೆ ಕೊಡೋಣ. ನಾವಿಬ್ಬರೂ ಸುಮ್ನೆ ಕೂರೋಣ.

ಬರುವಾಗ ಅಲ್ಲಿಂದ ಅರ್ಧ ಕೆಜಿ ಕಾಫಿಪುಡಿ ತಾ. ಚಿಕೋರಿ ಹಾಕದ್ದು. ದುಡ್ಡು ನಾನು ಕೊಡುತ್ತೇನೆ.

ನಿನ್ನ
ಅಕ್ಕ