ತಮ್ಮ ಮನೆಗೆ ಬಂದ

ನನ್ನ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ನಲ್ವತ್ತು ದಿನ. ನಿನ್ನೆ ಸಂಜೆ ಯಾರ ಕೈಯನ್ನೂ ಹಿಡಿಯದೆ ತೋಟದ ಕೆರೆಯವರೆಗೆ ನಡೆದು ಹೋಗಿ ಬಂದ. ಅವನನ್ನು ಉಳಿಸಿಕೊಟ್ಟವರಿಗೆ ನಮಸ್ಕಾರ ಹೇಳಲು ಇನ್ನು ತಡ ಮಾಡಬಾರದು ಅನ್ನಿಸಿ ಬರೆಯುತ್ತಿದ್ದೇನೆ.

ಮಳೆಗಾಲದ ಜ್ವರ ಅಂದುಕೊಂಡಿದ್ದೆವು. ಮೂರನೇ ದಿನ ಎದೆನೋವು ಶುರುವಾಯಿತು. ಮೊದಲು ತೋರಿಸಿದ ಕಡೆ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ರಾತ್ರಿ ಎರಡು ಗಂಟೆಗೆ ಅವನ ಕೈಕಾಲು ತಣ್ಣಗಾದಾಗ ಪಕ್ಕದ ಮನೆಯ ಅಣ್ಣ, ನಮ್ಮ ಇಚ್ಚ, ಅಂಬುಲೆನ್ಸ್ ಕರೆಸಿ ತಾವೂ ಹತ್ತಿದರು. ಬದಿಯಡ್ಕದಿಂದ ಕುಂಬಳೆ, ಅಲ್ಲಿಂದ ಹೆದ್ದಾರಿ, ತಲಪಾಡಿ, ಮಂಗಳೂರು. 2020ರಲ್ಲಿ ಕೊರೋನಾ ಸಮಯದಲ್ಲಿ ತಲಪಾಡಿಯ ಈ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡು ಅಮ್ಮನಿಗೆ ಮರೆತಿಲ್ಲ. ತಲಪಾಡಿ ದಾಟುವವರೆಗೆ ಅಮ್ಮ ಕಣ್ಣೇ ತೆರೆಯಲಿಲ್ಲ.

ವೈರಸ್ಸಿನಿಂದ ಹೃದಯದ ಸ್ನಾಯುವೇ ಬಾತುಕೊಂಡಿತ್ತು. ಮಯೋಕಾರ್ಡೈಟಿಸ್ ಅಂದರು. ಮದ್ದು ಕೊಟ್ಟರೂ ಬಿಪಿ ಬೀಳುವುದು ನಿಲ್ಲಲಿಲ್ಲ, ರಕ್ತವನ್ನು ಹೊರಗೆ ತೆಗೆದು ಆಮ್ಲಜನಕ ಸೇರಿಸಿ ಒಳಗೆ ತಳ್ಳುವ ಎಕ್ಮೋ ಯಂತ್ರ ಹಾಕಿದರು. ಈ ಯಂತ್ರ ಕಾಯಿಲೆ ವಾಸಿ ಮಾಡುವುದಿಲ್ಲ, ಹೃದಯ ಸುಧಾರಿಸಿಕೊಳ್ಳುವವರೆಗೆ ಅದರ ಕೆಲಸವನ್ನು ತಾನು ನಡೆಸುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಸುಳ್ಳು ಧೈರ್ಯ ತುಂಬಲಿಲ್ಲ. ಅದಕ್ಕೇ ಅವರಿಗೆ ಮೊದಲ ನಮಸ್ಕಾರ.

ತೊಡೆಯ ಸಂದಿನಿಂದ ಬೆರಳು ಗಾತ್ರದ ಎರಡು ಪೈಪು. ಒಂದರಲ್ಲಿ ನೇರಳೆ ಹಣ್ಣಿನ ಬಣ್ಣದ ರಕ್ತ ಹೊರಗೆ, ಇನ್ನೊಂದರಲ್ಲಿ ಕೇಪಳ ಹೂವಿನ ಕೆಂಪು ಒಳಗೆ. ಅಮ್ಮ ಹೆದರಿ ಹಿಂದೆ ಸರಿದರು. ಯಂತ್ರ ನೋಡಿಕೊಳ್ಳುವ ಪರ್‌ಫ್ಯೂಷನಿಸ್ಟ್ ತಂಗಿ ತುಳುವಿನಲ್ಲೇ, ಬಣ್ಣ ಬೇರೆ ಇದ್ದರೇ ಒಳ್ಳೆಯದು, ಆಮ್ಲಜನಕ ಸೇರುತ್ತಿದೆ ಅಂತ ಅರ್ಥ ಎಂದಳು. ಆಮೇಲೆ ಪ್ರತಿ ಸಲ ಒಳಗೆ ಹೋದಾಗಲೂ ಅಮ್ಮ ಮೊದಲು ನೋಡುತ್ತಿದ್ದುದು ಆ ಎರಡು ಬಣ್ಣವನ್ನೇ. ತಂಗಿ, ನಿನ್ನ ಆ ಒಂದು ಮಾತಿನಿಂದ ಅಮ್ಮನಿಗೆ ರಾತ್ರಿ ಸ್ವಲ್ಪವಾದರೂ ನಿದ್ದೆ ಬಂತು.

ಐಸಿಯು ಹೊರಗೆ ಕೂತು ಮೊಬೈಲಿನಲ್ಲಿ ಓದುತ್ತಿದ್ದೆ. 1953ರಲ್ಲಿ ಅಮೆರಿಕದ ಡಾಕ್ಟರ್ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರ ಇಟ್ಟುಕೊಂಡು 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರಂತೆ. ಅವಳು 26 ನಿಮಿಷ ಪೂರ್ತಿ ಯಂತ್ರದ ಮೇಲೆಯೇ ಇದ್ದಳು. ನನ್ನ ತಮ್ಮ ಇದ್ದದ್ದು ಆರು ದಿನ.

ಮೊದಲ ಮೂರು ದಿನ ಮಾನಿಟರಿನಲ್ಲಿ ಬಿಪಿಯ ಗೆರೆ ಹೆಚ್ಚುಕಡಿಮೆ ಚಪ್ಪಟೆ. ಪಂಪು ಒಂದೇ ಸಮನೆ ತಳ್ಳುವುದರಿಂದ ಹಾಗಂತೆ. ನಾಲ್ಕನೆಯ ಬೆಳಿಗ್ಗೆ ನರ್ಸ್ ಅಕ್ಕ ನನ್ನನ್ನು ಕರೆದು ತೋರಿಸಿದರು: ಗೆರೆಯಲ್ಲಿ ಸಣ್ಣ ಸಣ್ಣ ಉಬ್ಬು. ಅದು ಅವನ ಸ್ವಂತ ಹೃದಯದ ಬಡಿತ. ಇಬ್ಬರೂ ಅತ್ತೆವು. ಅಕ್ಕಾ, ಗಂಟೆಗೊಮ್ಮೆ ಅವನ ಪಾದ ಮುಟ್ಟಿ, ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಇಟ್ಟು, ಕಾಲಿಗೆ ರಕ್ತ ಹೋಗುತ್ತಿದೆಯೇ ಎಂದು ನೋಡುತ್ತಿದ್ದಿರಲ್ಲ, ಅವನು ಈಗ ನಡೆಯುವುದು ಆ ಕಾಲಲ್ಲೇ.

ಆಗ ಇಲ್ಲಿ ಊರಿನಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಮದ್ದು ಬಿಡುವ ಸಮಯ. ಅಪ್ಪ ಹೇಳದೆಯೇ ನೆರೆಯವರು ಮೈಲುತುತ್ತು ತಂದು, ಮಳೆ ಬಿಟ್ಟ ಒಂದು ದಿನ ನೋಡಿ ಬಿಟ್ಟು ಮುಗಿಸಿದ್ದರು. ಒಂದು ಗೊನೆಗೂ ಕೊಳೆರೋಗ ಬರಲಿಲ್ಲ. ಚಿಕಿತ್ಸೆಗೆ ದುಡ್ಡು ಕೊಟ್ಟವರ ಹೆಸರು ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಾಗಲಿಕ್ಕಿಲ್ಲ.

ಪೈಪಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ ರಕ್ತಸ್ರಾವ ಆಗುತ್ತಿತ್ತು. ಬಿ ನೆಗೆಟಿವ್ ಬೇಕು ಎಂದ ವಾಟ್ಸಾಪ್ ಸಂದೇಶ ನೋಡಿ ಉಪ್ಪಳದಿಂದ ಇಬ್ಬರು ಹುಡುಗರು ಬೈಕಿನಲ್ಲಿ ಮಳೆಯಲ್ಲೇ ಬಂದು, ರಕ್ತ ಕೊಟ್ಟು, ಚಹಾ ಕೂಡ ಕುಡಿಯದೆ ಹೋದರು. ಹೆಸರು ಕೇಳಲು ನಮಗೆ ತೋಚಲಿಲ್ಲ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಮನೆಗೆ ಬನ್ನಿ. ಬೈಕ್ ಮುಟ್ಟಲು ಅವನಿಗೆ ಡಾಕ್ಟರು ಇನ್ನೂ ಬಿಟ್ಟಿಲ್ಲ. ಆದರೆ ಗೇಟಿನವರೆಗೆ ಅವನೇ ನಡೆದು ಬರುತ್ತಾನೆ.